ಬೆನ್ನು ಆನೆಗೆ, ಮುಖ ಜನಕ್ಕೆ

ಬೆನ್ನು ಆನೆಗೆ, ಮುಖ ಜನಕ್ಕೆ. ಬೆಳಗಿನ ಬ್ರೀಫಿಂಗ್‌ನಲ್ಲಿ ಸೆಕ್ಟರ್ ಉಸ್ತುವಾರಿ ಇನ್ಸ್‌ಪೆಕ್ಟರ್ ಹೇಳಿದ ಹತ್ತಾರು ಮಾತಿನಲ್ಲಿ ನೀವು ನೆನಪಿಡಬೇಕಾದದ್ದು ಇದೊಂದೇ. "ಅಂಬಾರಿ ನೋಡೋಕೆ ಬಂದಿಲ್ಲ ನೀವು. ಅಂಬಾರಿ ನೋಡೋರನ್ನ ನೋಡೋಕೆ ಬಂದಿರೋದು. ಯಾರಾದ್ರೂ ಹಿಂದಕ್ಕೆ ತಿರುಗಿ ಮೊಬೈಲ್ ಎತ್ತಿದ್ದು ಕಂಡ್ರೆ ನಾಳೆ ಮೆಮೊ." ಸಾಲಿನಲ್ಲಿ ಒಂದಿಬ್ಬರು ನಕ್ಕರು. ಸಾಹೇಬರು ನಗಲಿಲ್ಲ.

2025ರ ಅಕ್ಟೋಬರ್ 2, ವಿಜಯದಶಮಿ. ನೀವು ಹಾಸನ ಜಿಲ್ಲೆಯ ಒಂದು ಠಾಣೆಯ ಕಾನ್‌ಸ್ಟೆಬಲ್. ಮೈಸೂರು ದಸರಾ ಬಂದೋಬಸ್ತ್‌ಗೆ ಹಾಕಿದ್ದಾರೆ. ವಾಸ ಒಂದು ಕಲ್ಯಾಣಮಂಟಪದಲ್ಲಿ. ಊಟದ ಹಾಲ್‌ನ ನೆಲದ ಮೇಲೆ ಸಾಲು ಜಮಖಾನ, ತಲೆದೆಸೆಗೆ ಬ್ಯಾಗು, ಗೋಡೆಗೆ ಒರಗಿಸಿದ ಲಾಠಿಗಳು, ಬೆಳಗಿನ ಜಾವ ನಾಲ್ಕಕ್ಕೇ ಬಚ್ಚಲಿಗೆ ಸರದಿ. ಈ ಸಲ ದಸರಾ ಹನ್ನೊಂದು ದಿನ ನಡೆದಿದೆ. ಊರಿನವರಿಗೆ ಒಂದು ದಿನ ಹೆಚ್ಚು ಹಬ್ಬ, ನಿಮಗೆ ಒಂದು ರಾತ್ರಿ ಹೆಚ್ಚು ನೆಲ.

ಜೊತೆಗಿರುವ ಹೆಡ್ ಕಾನ್‌ಸ್ಟೆಬಲ್ ನಿವೃತ್ತಿಗೆ ಹತ್ತಿರ ಬಂದವರು, ಎಲ್ಲರ ಬಾಯಲ್ಲೂ ಹೆಚ್‌ಸಿ ಸಾರ್. ಬೂಟು ಹಾಕುವ ಮುಂಚೆ ಅವರು ಏನೇನು ಮಾಡುತ್ತಾರೋ ನೀವೂ ಅದನ್ನೇ ಮಾಡುತ್ತೀರಿ. ಕಾಲ್ಬೆರಳ ಸಂದಿಯನ್ನು ಒಣಬಟ್ಟೆಯಲ್ಲಿ ಒರೆಸುವುದು, ಪೌಡರ್ ಉದುರಿಸುವುದು, ಒಂದರ ಮೇಲೊಂದು ಎರಡು ಜೊತೆ ಸಾಕ್ಸ್ ಏರಿಸಿ ಎಲ್ಲೂ ಮಡಿಕೆ ಬೀಳದಂತೆ ಎಳೆಯುವುದು, ಆಮೇಲೆ ಬೂಟು. ಲೇಸನ್ನು ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟುತ್ತಾರೆ. "ಸಂಜೆಗೆ ಪಾದ ಊದ್ಕೊಳ್ಳತ್ತೆ. ಈಗ್ಲೇ ಜಾಗ ಬಿಟ್ಕೋ ಕಣಪ್ಪ."

ಆರೂವರೆಗೆಲ್ಲ ಪಾಯಿಂಟ್‌ನಲ್ಲಿದ್ದೀರಿ. ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆಯ ಮುಂದೆ. ಮೆರವಣಿಗೆ ಅರಮನೆಯ ಬಲರಾಮ ದ್ವಾರದಿಂದ ಹೊರಟು ಚಾಮರಾಜ ವೃತ್ತ, ಕೆ.ಆರ್. ವೃತ್ತ ಬಳಸಿ ಈ ರಸ್ತೆಗೆ ಬರುತ್ತದೆ. ಇಲ್ಲಿಂದ ಆಯುರ್ವೇದ ಕಾಲೇಜು ವೃತ್ತ, ಬಂಬೂಬಜಾರ್, ಹೈವೇ ವೃತ್ತ ದಾಟಿದರೆ ಬನ್ನಿಮಂಟಪ. ಒಟ್ಟು ಸುಮಾರು 5 ಕಿಲೋಮೀಟರ್. ಅದರಲ್ಲಿ ನಿಮ್ಮ ಪಾಲಿಗೆ ಬಂದದ್ದು ಈ ಕಂಬದಿಂದ ಆ ಕಂಬದವರೆಗಿನ ಒಂದಷ್ಟು ಹೆಜ್ಜೆ. ನಂದಿಧ್ವಜ ಪೂಜೆ ಮಧ್ಯಾಹ್ನ ಒಂದಕ್ಕೆ, ಅಂಬಾರಿಗೆ ಪುಷ್ಪಾರ್ಚನೆ ಸಂಜೆ ಐದರ ಹತ್ತಿರ. ಜನ ಮಾತ್ರ ನಿಮಗಿಂತ ಮೊದಲೇ ಬಂದು ಪ್ಲಾಸ್ಟಿಕ್ ಚೀಲ ಹಾಸಿ ಕೂತಿದ್ದಾರೆ. ಬ್ಯಾರಿಕೇಡ್‌ಗೆ ಒರಗಿ ಕೂತ ಒಬ್ಬ ಅಜ್ಜಿ ಮಡಿಲಲ್ಲಿ ಬುತ್ತಿ ಬಿಚ್ಚುತ್ತಾ ಕೇಳುತ್ತಾರೆ, "ಸಾಮಿ, ಆನೆ ಇತ್ಲಾಗೇ ಬತ್ತದಾ?" ಬರುತ್ತೆ ಅಜ್ಜಿ. "ಎಷ್ಟೊತ್ಗೆ?" ಸಂಜೆಗೆ. ಅಜ್ಜಿ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಅಲ್ಲೀಗಂಟ ನಿಂತೇ ಇದ್ದೀಯಾ?"

ಅಜ್ಜಿಗೆ ಹೊಳೆದದ್ದು ನೇಮಕಾತಿ ಮಾಡುವವರಿಗೆ ಹೊಳೆಯಲಿಲ್ಲ. ಈ ಕೆಲಸಕ್ಕೆ ನಿಮ್ಮನ್ನು ತೆಗೆದುಕೊಂಡದ್ದು ಓಡಿಸಿ ನೋಡಿ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಮೈದಾನದಲ್ಲಿ ಎದೆಗೆ ನಂಬರ್ ಕಟ್ಟಿಕೊಂಡು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಿದಿರಿ. 7.26 ಕಿಲೋ ಗುಂಡನ್ನು 5.60 ಮೀಟರ್ ಆಚೆಗೆ ಎಸೆದಿರಿ. 3.80 ಮೀಟರ್ ಉದ್ದ ಜಿಗಿದಿರಿ. ಎತ್ತರ 168 ಸೆಂಟಿಮೀಟರ್, ಎದೆ 86, ಉಸಿರು ಎಳೆದರೆ ಇನ್ನೂ 5 ಹಿಗ್ಗಬೇಕು, ಹಿಗ್ಗಿಸಿ ತೋರಿಸಿದಿರಿ. ಊರಿನ ಕೆರೆ ಏರಿಯ ಮೇಲೆ ಕತ್ತಲಲ್ಲೇ ಎದ್ದು ಓಡಿ ಓಡಿ ಗಳಿಸಿಕೊಂಡ ಕೆಲಸ ಇದು. ಆದರೆ ಠಾಣೆಗೆ ಬಂದ ಮೇಲೆ ಹಾಗೆ ಓಡಿದ್ದು ಎಷ್ಟು ಸಲ? ಸರಗಳ್ಳ ಬೈಕಿನಲ್ಲಿ ಹೋಗುತ್ತಾನೆ. ಅವನನ್ನು ಹಿಡಿದುಕೊಡುವುದು ಸಿಸಿಟಿವಿ ಮತ್ತು ಮೊಬೈಲ್ ಟವರ್. ನಿಮಗೆ ಸಿಕ್ಕಿದ್ದು ನಿಲ್ಲುವ ಕೆಲಸ. ಠಾಣೆ ಬಾಗಿಲಲ್ಲಿ ಸೆಂಟ್ರಿ, ತೇರಿನ ಮುಂದೆ, ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರದ ಗೇಟಿನಲ್ಲಿ, ಮಂತ್ರಿಗಳ ಕಾರು ಹೋಗುವ ರಸ್ತೆಯ ತಿರುವಿನಲ್ಲಿ, ಶವಾಗಾರದ ಹೊರಗೆ ಪೋಸ್ಟ್‌ಮಾರ್ಟಂ ಮುಗಿಯುವವರೆಗೆ, ಕೋರ್ಟಿನ ಜಗಲಿಯಲ್ಲಿ ಕೇಸು ಕೂಗುವವರೆಗೆ. ಆರೂವರೆ ನಿಮಿಷ ಓಡಬಲ್ಲನೇ ಎಂದು ಗಡಿಯಾರ ಹಿಡಿದು ನೋಡಿದ ಇಲಾಖೆ, ಹನ್ನೆರಡು ಗಂಟೆ ನಿಲ್ಲಬಲ್ಲನೇ ಎಂದು ನೋಡಲೇ ಇಲ್ಲ. ನೋಡಿದ್ದರೆ ಆಯ್ಕೆ ಪಟ್ಟಿ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತೇನೋ.

ಒಂಬತ್ತರ ಹೊತ್ತಿಗೆ ಮೊದಲು ಮಾತಾಡುವುದು ಹಿಮ್ಮಡಿ. ಸಣ್ಣಗೆ, ಬೂಟಿನೊಳಗೆ ಕಲ್ಲು ಸೇರಿದೆಯೇನೋ ಎಂಬಂತೆ. ನೀವು ಭಾರವನ್ನು ಬಲಗಾಲಿಗೆ ದಾಟಿಸುತ್ತೀರಿ, ಮತ್ತೆ ಎಡಗಾಲಿಗೆ. ಹತ್ತರ ಮೇಲೆ ಮೀನಖಂಡ ಬಿಗಿಯುತ್ತದೆ. ಆಮೇಲೆ ಸೊಂಟ, ಬೆಲ್ಟು ಕೂತ ಜಾಗದಲ್ಲೇ ಒಂದು ಅಡ್ಡಗೆರೆಯ ನೋವು. ಕೊನೆಗೆ ಎರಡು ಹೆಗಲಿನ ನಡುವೆ. ಮನುಷ್ಯ ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ತೊಡೆ, ಕಾಲಿನ ಕಡೆಗೆ ಇಳಿಯುತ್ತದೆ. ಅದನ್ನು ಮತ್ತೆ ಎದೆಗೆ ಏರಿಸುವ ಪಂಪು ಮೀನಖಂಡದ ಸ್ನಾಯು. ನಡೆದರೆ ಆ ಪಂಪು ತಾನೇ ಕೆಲಸ ಮಾಡುತ್ತದೆ. ಅಲ್ಲಾಡದೆ ನಿಂತರೆ ಪಂಪು ನಿಲ್ಲುತ್ತದೆ, ರಕ್ತ ಕೆಳಗೇ ಉಳಿಯುತ್ತದೆ, ಮೆದುಳಿಗೆ ಕಡಿಮೆಯಾಗುತ್ತದೆ. ಸ್ವಾತಂತ್ರ್ಯ ದಿನದ ಪೆರೇಡ್‌ನಲ್ಲಿ ಗಟ್ಟಿಮುಟ್ಟಾದ ಹುಡುಗ ಕಡಿದ ಮರದ ಹಾಗೆ ಮುಂದಕ್ಕೆ ಬೀಳುವುದನ್ನು ನೀವು ನೋಡಿರುತ್ತೀರಿ. ಅವನು ತಿಂಡಿ ಬಿಟ್ಟು ಬಂದಿದ್ದ ಎಂದು ಎಲ್ಲರೂ ಹೇಳುತ್ತಾರೆ. ತಿಂಡಿ ತಿಂದವರೂ ಬೀಳುತ್ತಾರೆ.

ಹೆಚ್‌ಸಿ ಸಾರ್‌ಗೆ ಈ ಶರೀರಶಾಸ್ತ್ರ ಯಾರೂ ಹೇಳಿಕೊಟ್ಟಿಲ್ಲ, ಆದರೆ ಗೊತ್ತು. ಪಕ್ಕದ ಕಂಬದಿಂದಲೇ ನಿಮ್ಮ ಕಾಲನ್ನು ನೋಡಿ ಕೂಗುತ್ತಾರೆ: "ಮಂಡಿ ಬಿಗಿ ಹಿಡೀಬೇಡ. ಬಿಗಿ ಹಿಡಿದೋರೇ ಬೀಳೋದು. ಒಂಚೂರು ಮಡಿಸಿರು. ಬೂಟೊಳಗೆ ಬೆರಳು ಆಡಿಸ್ತಾ ಇರು, ಅದೇನು ಯಾರಿಗೂ ಕಾಣಲ್ಲ." ನೀವು ಬೆರಳು ಆಡಿಸುತ್ತೀರಿ. ಹಿಮ್ಮಡಿ ಎತ್ತಿ ಇಳಿಸುತ್ತೀರಿ. ಅವರ ಎಡಗಾಲಿನ ಮೊಣಕಾಲ ಕೆಳಗೆ ಉಬ್ಬಿ ಗಂಟುಗಂಟಾದ ನೀಲಿ ನರಗಳನ್ನು ರಾತ್ರಿ ಜಮಖಾನದ ಮೇಲೆ ನೋಡಿದ್ದೀರಿ. ಆ ಕಾಲಿಗೆ ಬಿಗಿಯಾದ ಎಲಾಸ್ಟಿಕ್ ಕಾಲುಚೀಲ ಹಾಕಲು ಡಾಕ್ಟರು ಹೇಳಿದ್ದಾರೆ, ಇನ್ನೊಂದು ಮಾತನ್ನೂ ಹೇಳಿದ್ದಾರೆ: ಹೆಚ್ಚು ಹೊತ್ತು ನಿಲ್ಲಬೇಡಿ.

ತಲೆಯ ಮೇಲಿರುವುದು ಸ್ಲೋಚ್ ಹ್ಯಾಟ್. ಒಂದು ಪಕ್ಕ ಮೇಲಕ್ಕೆ ಮಡಿಸಿದ ಅಂಚು, ಗದ್ದದ ಕೆಳಗೆ ಪಟ್ಟಿ. ಇದು ಆ ಟೋಪಿಯ ಕೊನೆಯ ದಸರಾ. ಈ ತಿಂಗಳ ಕೊನೆಯಲ್ಲಿ ಕಡುನೀಲಿ ಪೀಕ್ ಕ್ಯಾಪ್ ಬರಲಿದೆ. ಕಾನ್‌ಸ್ಟೆಬಲ್‌ನ ಗುರುತೇ ಆಗಿದ್ದ ಟೋಪಿ ಹೋಗುತ್ತಿದೆ ಎಂದು ಹೊರಗಿನವರು ಬೇಸರಪಟ್ಟುಕೊಳ್ಳಬಹುದು. ಮಳೆಯಲ್ಲಿ ಅದನ್ನು ಹೊತ್ತವರು ಪಟ್ಟುಕೊಳ್ಳುವುದಿಲ್ಲ. ನೆನೆದರೆ ತಲೆಯ ಮೇಲೆ ಒದ್ದೆ ಕಂಬಳಿ, ಓಡಿದರೆ ಕೈಯಲ್ಲಿ ಹಿಡಿದೇ ಓಡಬೇಕು. ಹೆಚ್‌ಸಿ ಸಾರ್ ಅಭಿಪ್ರಾಯ ಚಿಕ್ಕದು: "ತಲೆದು ಬದಲಾಯ್ತಲ್ಲ, ಕಾಲಿಂದು ಯಾವಾಗ?"

ಹನ್ನೊಂದಕ್ಕೆ ನಿಮ್ಮ ಪಾಯಿಂಟ್‌ನ ನಿಜವಾದ ತಲೆನೋವು ಶುರು. ದೇವರಾಜ ಮಾರುಕಟ್ಟೆಯ ಮಾಡು. ನಾಲ್ಕೈದು ಹುಡುಗರು ಪಕ್ಕದ ಅಂಗಡಿಯ ಬೋರ್ಡು ಹಿಡಿದು ಹತ್ತುತ್ತಿದ್ದಾರೆ. ಅಲ್ಲಿಂದ ಅಂಬಾರಿ ಚೆನ್ನಾಗಿ ಕಾಣುತ್ತದೆ ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ 2016ರ ಆಗಸ್ಟ್‌ನಲ್ಲಿ ಇದೇ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಯಾರೂ ಹತ್ತದೆಯೇ ಕುಸಿದಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಮಾಡು ಬಿದ್ದು ನಾಲ್ವರು ಸತ್ತಿದ್ದರು. ಲಾಠಿ ನೆಲಕ್ಕೆ ಕುಟ್ಟಿ ಕೂಗುತ್ತೀರಿ. ಇಳಿಯುವುದಿಲ್ಲ. ಹತ್ತಿರ ಹೋಗಿ ಕೂಗುತ್ತೀರಿ. "ಸಾರ್, ಐದೇ ನಿಮಿಷ ಸಾರ್, ಒಂದು ರೀಲ್ ಮಾಡ್ಕೊಂಡು ಇಳೀತೀವಿ." ಕೊನೆಗೆ ಇಳಿಸುವುದು ಲಾಠಿಯಲ್ಲ, ಹೆಚ್‌ಸಿ ಸಾರ್ ತೆಗೆದ ಮೊಬೈಲ್: "ಇಲ್ಲಿ ನೋಡ್ರೋ, ಒಂದು ಫೋಟೋ. ನಿಮ್ಮಪ್ಪಂಗೆ ಕಳಿಸ್ತೀನಿ, ನಂಬರ್ ಹೇಳು." ಎಲ್ಲರೂ ಇಳಿದರು. ಅರ್ಧ ಗಂಟೆಗೆ ಬೇರೆ ಹುಡುಗರು ಹತ್ತಿದರು.

ಇವತ್ತು ಗಾಂಧಿ ಜಯಂತಿಯೂ ಹೌದು. ರಾಜ್ಯವಿಡೀ ಮದ್ಯದಂಗಡಿಗೆ ಬೀಗ. ಮಹಾತ್ಮರು ಪೊಲೀಸರಿಗೆ ಮಾಡಿದ ಉಪಕಾರಗಳಲ್ಲಿ ಇದು ದೊಡ್ಡದು.

ನಿಮ್ಮ ಬಲಕ್ಕೆ, ಹೆಂಗಸರು ಮಕ್ಕಳು ಹೆಚ್ಚಿರುವ ಕಡೆ, ಬೇರೆ ಜಿಲ್ಲೆಯ ಮಹಿಳಾ ಪಿ.ಸಿ. ಒಬ್ಬರು. ಇಲಾಖೆಯ ಕಾಗದದಲ್ಲಿ ಮಪಿಸಿ. ನೀವು "ಮೇಡಂ" ಎನ್ನುತ್ತೀರಿ, ಹೆಚ್‌ಸಿ ಸಾರ್ "ಏನವ್ವಾ" ಎನ್ನುತ್ತಾರೆ. ಅವರ ಓಟದ ಪರೀಕ್ಷೆ 400 ಮೀಟರ್, ಎರಡು ನಿಮಿಷ. ನಿಲ್ಲುವ ಹೊತ್ತು ಮಾತ್ರ ನಿಮ್ಮಷ್ಟೇ. ಹನ್ನೆರಡರ ಸುಮಾರಿಗೆ ಸ್ವಯಂಸೇವಕರು ನೀರಿನ ಬಾಟಲಿ ಹಂಚುತ್ತಾ ಬರುತ್ತಾರೆ. ನೀವು ಒಂದೇ ಗುಟುಕಿಗೆ ಅರ್ಧ ಮುಗಿಸುತ್ತೀರಿ. ಅವರು ಬಾಟಲಿ ತೆಗೆದುಕೊಂಡು ಬ್ಯಾರಿಕೇಡ್‌ನ ಕಾಲಿಗೆ ಒರಗಿಸಿ ಇಡುತ್ತಾರೆ. ಮುಚ್ಚಳ ತೆಗೆಯುವುದಿಲ್ಲ.

"ಕುಡಿಯೋದಿಲ್ವಾ ಮೇಡಂ?"

"ಕುಡಿದ್ರೆ ಹೋಗ್ಬೇಕಲ್ಲ."

ಮೊಬೈಲ್ ಶೌಚಾಲಯ ಇಲ್ಲವೆಂದಲ್ಲ, ಜನರಿಗೆಂದು ಇಟ್ಟಿರುತ್ತಾರೆ. ಅಲ್ಲಿಗೆ ಹೋಗಬೇಕಾದರೆ ಈ ಜನರನ್ನೇ ಸೀಳಿಕೊಂಡು ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು, ಹಿಂತಿರುಗುವಷ್ಟರಲ್ಲಿ ಪಾಯಿಂಟ್ ಖಾಲಿ ಎಂದು ವೈರ್‌ಲೆಸ್‌ನಲ್ಲಿ ಕೂಗು ಬಂದಿರುತ್ತದೆ. ಅದಕ್ಕೆ ಅವರು ಬೆಳಗಿನಿಂದಲೇ ನೀರು ಬಿಟ್ಟಿದ್ದಾರೆ. ಹಾಗೆ ಬಿಟ್ಟೂ ಬಿಟ್ಟೂ ಉರಿಮೂತ್ರ, ಸೋಂಕು, ತಿಂಗಳಿಗೊಮ್ಮೆ ಆಂಟಿಬಯೋಟಿಕ್. ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತೀರಿ ಎಂದು ನೀವು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ಖಾಕಿ ಸೀರೆ ಬಿಟ್ಟು ಪ್ಯಾಂಟು-ಶರ್ಟು ಹಾಕಿ ಎಂದು 2018ರಲ್ಲಿ ಸುತ್ತೋಲೆ ಬಂತು. ಓಡುವುದಕ್ಕೆ, ಬೈಕು ಹತ್ತುವುದಕ್ಕೆ ಅದು ಒಳ್ಳೆಯದೇ ಆಯಿತು. ಶೌಚಾಲಯದ ವಿಷಯಕ್ಕೆ ಸುತ್ತೋಲೆ ಬಂದಂತಿಲ್ಲ. ಹೆಣ್ಣುಮಕ್ಕಳನ್ನು ಇಲಾಖೆಗೆ ಸೇರಿಸಿಕೊಂಡದ್ದಕ್ಕೆ ಭಾಷಣದಲ್ಲಿ ಚಪ್ಪಾಳೆ ಗಿಟ್ಟುತ್ತದೆ, ಬಂದೋಬಸ್ತ್ ನಕ್ಷೆಯಲ್ಲಿ ಅವರಿಗೊಂದು ಶೌಚಾಲಯದ ಗುರುತು ಬೀಳುವುದಿಲ್ಲ. ನನ್ನ ಕಣ್ಣಿಗೆ ಇದು ಮರೆವಿನ ಹಾಗೆ ಕಾಣುವುದಿಲ್ಲ. ನಕ್ಷೆ ಬರೆಯುವ ಕೈಗೆ ಆ ತೊಂದರೆ ಯಾವತ್ತೂ ಬಂದಿಲ್ಲ, ಅಷ್ಟೇ.

ಒಂದೂವರೆ. ನಂದಿಧ್ವಜ ಹೊರಟಿತು ಎಂದು ವೈರ್‌ಲೆಸ್ ಹೇಳುತ್ತದೆ. ಕೂತವರೆಲ್ಲ ಎದ್ದು ನಿಲ್ಲುತ್ತಾರೆ, ಹಿಂದಿನವರು ಮುಂದಕ್ಕೆ ಒಂದು ಹೆಜ್ಜೆ ಸರಿಯುತ್ತಾರೆ. ಈ ಒಂದು ಹೆಜ್ಜೆಯನ್ನು ನೀವು ಕಣ್ಣಿನಿಂದಲ್ಲ, ಕೈಯಿಂದ ಗುರುತಿಸಬೇಕು. ಬ್ಯಾರಿಕೇಡ್‌ನ ಮೇಲಿನ ಕಬ್ಬಿಣದ ಕೊಳವೆಯ ಮೇಲೆ ಅಂಗೈ ಇಟ್ಟಿರುತ್ತೀರಿ. ಜನ ಸುಮ್ಮನೆ ಒರಗಿದ್ದರೆ ಅದು ಅಲುಗುವುದಿಲ್ಲ. ಹಿಂದಿನಿಂದ ತಳ್ಳು ಬಂದರೆ ಮೊದಲು ಒಂದು ಸಣ್ಣ ನಡುಕ, ಆಮೇಲೆ ನೆಲದ ಮೇಲೆ ಕಾಲು ಉಜ್ಜುವ ಕಿರ್ರೆನ್ನುವ ಸದ್ದು. ನಡುಕದಲ್ಲಿಯೇ ಹಿಡಿಯಬೇಕು. ಸದ್ದು ಬಂದ ಮೇಲೆ ನೀವೊಬ್ಬರೇ ಏನೂ ಮಾಡಲಾರಿರಿ.

ಬೆಳಗಿನ ಬ್ರೀಫಿಂಗ್‌ನಲ್ಲಿ ಯಾರೂ ಬಿಡಿಸಿ ಹೇಳದೆಯೇ ಎಲ್ಲರ ತಲೆಯಲ್ಲಿ ಇದ್ದದ್ದು ಎರಡು ಊರಿನ ಹೆಸರು. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಗೆದ್ದ ಸಂಭ್ರಮದಲ್ಲಿ, 11 ಜನ ಸತ್ತರು. ನಗರ ಪೊಲೀಸ್ ಕಮಿಷನರರನ್ನೇ ಅಮಾನತು ಮಾಡಿದರು. ಐದು ದಿನದ ಹಿಂದೆ, ಸೆಪ್ಟೆಂಬರ್ 27ರಂದು, ತಮಿಳುನಾಡಿನ ಕರೂರಿನಲ್ಲಿ ರಾಜಕೀಯ ಸಭೆಯೊಂದರಲ್ಲಿ 41 ಜನ. ಇಂಥ ಕಡೆ ಬಹುಪಾಲು ಜನ ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ. ನಿಂತಲ್ಲೇ, ನೆಟ್ಟಗೆ ನಿಂತೇ, ಎದೆ ಎಳೆದು ಉಸಿರು ತೆಗೆದುಕೊಳ್ಳಲು ಜಾಗವಿಲ್ಲದೆ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದರೆ ಆಮೇಲೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಮುಂದಿನವನಿಗೆ ಹಿಂದೆ ಸರಿ ಎಂದು ನೀವು ಕೂಗುತ್ತೀರಿ, ಅವನು ಸರಿಯಲಾರ. ತಳ್ಳುತ್ತಿರುವವನು ಇಪ್ಪತ್ತು ಸಾಲು ಹಿಂದಿದ್ದಾನೆ, ಅವನಿಗೆ ನಿಮ್ಮ ದನಿ ತಲುಪದು.

ನೀವು ಮುಖಗಳನ್ನು ನೋಡುತ್ತೀರಿ. ಕೂಗಾಡುವವರ ಮುಖವಲ್ಲ, ಸುಮ್ಮನಾದವರ ಮುಖ. ಇಷ್ಟು ಹೊತ್ತು ಮಾತಾಡುತ್ತಿದ್ದ ಹೆಂಗಸು ಮಾತು ನಿಲ್ಲಿಸಿ ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ ಅವಳಿಗೆ ಉಸಿರು ಸಾಲುತ್ತಿಲ್ಲ. ಎರಡೂ ಮುಷ್ಟಿ ಎದೆಯ ಮುಂದೆ ಹಿಡಿದವನು ಎದೆಗೆ ಜಾಗ ಮಾಡಿಕೊಳ್ಳುತ್ತಿದ್ದಾನೆ. ಮೂರನೇ ಸಾಲಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳ ಕುತ್ತಿಗೆ ವಾಲುತ್ತದೆ. ಬೀಳಲು ಜಾಗವಿಲ್ಲದ್ದರಿಂದ ಅವಳು ಬೀಳುವುದಿಲ್ಲ, ಅಲ್ಲೇ ತೂಗುತ್ತಾಳೆ.

ಕಾಲು ನೋವು ಎಲ್ಲಿ ಹೋಯಿತೋ. ಲಾಠಿ ಬ್ಯಾರಿಕೇಡ್‌ಗೆ ಸಿಕ್ಕಿಸಿ, ಒಂದು ಬೂಟು ಕೆಳಗಿನ ಅಡ್ಡಪಟ್ಟಿಯ ಮೇಲಿಟ್ಟು, ಹೊಟ್ಟೆ ಕಬ್ಬಿಣಕ್ಕೆ ಒತ್ತಿ ಮುಂದಕ್ಕೆ ಬಾಗುತ್ತೀರಿ. ಮೇಡಂ ಆ ಕಡೆಯಿಂದ ಅವಳ ಕಂಕುಳಿಗೆ ಕೈ ಹಾಕಿದ್ದಾರೆ. "ಕೈ ಕೊಡ್ರಿ, ಮುಂದಿನೋರು ಕೈ ಕೊಡ್ರಿ!" ಮುಂದಿನ ಸಾಲಿನ ಇಬ್ಬರು ಹುಡುಗರು ಅವಳ ಕಾಲು ಎತ್ತಿಕೊಡುತ್ತಾರೆ. ಇದೇ ಹುಡುಗರು ಬೆಳಿಗ್ಗೆ ಮಾಡು ಹತ್ತಿದವರು. ಅರವತ್ತು ಕಿಲೋ ಇದ್ದಾಳು. ಪ್ರಜ್ಞೆ ತಪ್ಪಿದ ದೇಹ ಎರಡರಷ್ಟು ಭಾರ. ಬ್ಯಾರಿಕೇಡ್ ದಾಟಿಸಿ ರಸ್ತೆಯ ಮೇಲೆ ಮಲಗಿಸಿ ಕಾಲೆತ್ತಿ ಹಿಡಿಯುತ್ತೀರಿ. ಅಷ್ಟರಲ್ಲಿ ಹೆಚ್‌ಸಿ ಸಾರ್ ಪಕ್ಕದ ಓಣಿಯ ಬಾಯಲ್ಲಿ ಹಗ್ಗ ಸಡಿಲಿಸಿ ಹಿಂದಿನ ಸಾಲಿನವರನ್ನು ಆ ಕಡೆಗೆ ಬಿಡುತ್ತಿದ್ದಾರೆ. ಇಪ್ಪತ್ತು ವರ್ಷ ಬೇಕಾಗುತ್ತದೆ ಇದು ಹೊಳೆಯಲು: ಒತ್ತಡವನ್ನು ಮುಂದೆ ನಿಂತು ತಡೆಯಲಾಗದು, ಹಿಂದೆ ಬಾಗಿಲು ತೆಗೆಯಬೇಕು. ಒಂದು ನಿಮಿಷಕ್ಕೆ ಕೊಳವೆಯ ನಡುಕ ನಿಲ್ಲುತ್ತದೆ. ಆ ಹೆಂಗಸು ಕಣ್ಣು ಬಿಟ್ಟು ಮೊದಲು ಕೇಳುವುದು, "ನನ್ ಮಗಿ?" ಮಗು ಮೇಡಂ ಸೊಂಟದ ಮೇಲಿದೆ, ಅವರ ಸೀಟಿಯ ದಾರ ಚೀಪುತ್ತಿದೆ. ಮೇಡಂ ಇಟ್ಟಿದ್ದ ತುಂಬಿದ ಬಾಟಲಿಯ ಮುಚ್ಚಳ ಈಗ ತೆರೆಯುತ್ತದೆ.

ಸ್ತಬ್ಧಚಿತ್ರಗಳು ಒಂದರ ಹಿಂದೊಂದು ಬೆನ್ನ ಹಿಂದೆ ಹೋಗುತ್ತಿವೆ. 31 ಜಿಲ್ಲೆಗಳಿಗೂ ಒಂದೊಂದು. ನಿಮ್ಮ ಹಾಸನದ್ದು ಬಂದದ್ದು ಮೈಕಿನಲ್ಲಿ ಕೇಳಿಸಿತು. ಡೊಳ್ಳು, ಕಂಸಾಳೆ, ವೀರಗಾಸೆ, ನಗಾರಿ. ಪ್ರತಿಯೊಂದನ್ನೂ ಬೆನ್ನುಹುರಿಯಲ್ಲಿ ಕೇಳಿಸಿಕೊಳ್ಳುತ್ತೀರಿ. ಕುದುರೆ ಗೊರಸಿನ ಸದ್ದು ಬಂದರೆ ಅಶ್ವಾರೋಹಿ ದಳ, ಅವರೂ ನಿಮ್ಮವರೇ. ಪೊಲೀಸ್ ಬ್ಯಾಂಡ್, ಅವರೂ ನಿಮ್ಮವರೇ. ನಾಲ್ಕರ ಮೇಲೆ ನಿಮ್ಮ ಬಾಯಿ ಹರಿತವಾಗುತ್ತದೆ. ಪಾಸ್ ತೋರಿಸಿ ಅಡ್ಡದಾರಿ ಕೇಳಿದ ಒಬ್ಬ ಮಧ್ಯವಯಸ್ಕರಿಗೆ ಹೇಳಬಾರದ ಒಂದು ಮಾತು ಹೇಳಿಬಿಡುತ್ತೀರಿ. ಅವರ ಹೆಂಡತಿ ಮಕ್ಕಳ ಮುಂದೆ. ಅವರ ಮುಖ ಸಣ್ಣಗಾಗುತ್ತದೆ. ಪೊಲೀಸರ ಬಾಯಿ ಸರಿಯಿಲ್ಲ ಎಂದು ಜನ ಹೇಳುವುದು ಸುಮ್ಮನೆ ಅಲ್ಲ. ಬೆಳಗಿನ ಆರೂವರೆಯಿಂದ ಕಾಲಿನಲ್ಲಿ ಸೇರುತ್ತಾ ಬಂದದ್ದು ಸಂಜೆ ನಾಲ್ಕಕ್ಕೆ ನಾಲಿಗೆಗೆ ಏರುತ್ತದೆ, ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಹೀಗೆಂದರೆ ಅದಕ್ಕೆ ಕ್ಷಮೆಯಿದೆ ಎಂದಲ್ಲ. ಬೈಸಿಕೊಂಡವರಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಪೊಲೀಸರಿಗೆ ಸೌಜನ್ಯ ಕಲಿಸುವ ಶಿಬಿರಗಳನ್ನು ನಡೆಸುವವರು ಹವಾನಿಯಂತ್ರಿತ ಸಭಾಂಗಣದಲ್ಲಿ ಕುರ್ಚಿಯ ಮೇಲೆ ಕೂರಿಸಿ ಕಲಿಸುತ್ತಾರಲ್ಲ, ಕುರ್ಚಿಯ ಮೇಲೆ ಕೂತಾಗ ಎಲ್ಲ ಪೊಲೀಸರೂ ಸೌಜನ್ಯವಂತರೇ.

ಐದರ ಆಸುಪಾಸಿನಲ್ಲಿ ಅರಮನೆಯ ಕಡೆಯಿಂದ ಕುಶಾಲತೋಪು. ಏಳು ಫಿರಂಗಿ, ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ 21 ಸುತ್ತು. ಹಾರಿಸುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಸುತ್ತು ಸುತ್ತಿಗೂ ನಳಿಗೆಯೊಳಗಿನ ಕಿಡಿ ಆರಿಸಿ, ಒರೆಸಿ, ಮದ್ದು ತುಂಬಿ, ಹಿಂದೆ ಸರಿಯುವುದು ಕೆಲವೇ ಸೆಕೆಂಡಿನ ಕೆಲಸ, ಅದಕ್ಕೇ ವಾರಗಟ್ಟಲೆ ತಾಲೀಮು. ಈ ಸದ್ದಿಗೆ ಆನೆ ಕುದುರೆಗಳನ್ನೂ ಮುಂಚೆಯೇ ಪಳಗಿಸಿರುತ್ತಾರೆ. ನಿಮ್ಮ ಮುಂದಿರುವ ಮಕ್ಕಳನ್ನು ಯಾರೂ ಪಳಗಿಸಿಲ್ಲ. ಮೊದಲ ಸುತ್ತಿಗೇ ಎಲ್ಲವೂ ಒಟ್ಟಿಗೆ ಅಳುತ್ತವೆ.

ಆಮೇಲೆ ತುಂಬ ಹೊತ್ತಾದ ಮೇಲೆ ಗಂಟೆಯ ಸದ್ದು ಹತ್ತಿರವಾಗುತ್ತದೆ. 750 ಕಿಲೋ ತೂಕದ ಅಂಬಾರಿ ಹೊತ್ತು ಅಭಿಮನ್ಯು ಬರುತ್ತಿದ್ದಾನೆ, 2020ರಿಂದ ಇದು ಆರನೇ ಬಾರಿ. ಜನ ಒಂದೇ ದನಿಯಲ್ಲಿ ಹೋ ಎನ್ನುತ್ತಾರೆ, ಸಾವಿರ ಕೈ ಮೇಲೇಳುತ್ತದೆ, ಕೆಲವು ಮುಗಿದು, ಕೆಲವು ಮೊಬೈಲ್ ಹಿಡಿದು. ನಿಮ್ಮ ಅಂಗೈ ಕೊಳವೆಯ ಮೇಲೆ. ಈಗಲೇ ಬರುವುದು ದಿನದ ದೊಡ್ಡ ತಳ್ಳು. ಎರಡೂ ಕೈಯಲ್ಲಿ ಲಾಠಿ ಅಡ್ಡ ಹಿಡಿದು, ಮಂಡಿ ಬಾಗಿಸಿ, ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತೀರಿ. ಬೆನ್ನಿಗೆ ಆನೆಯ ಮೈಯ ಬಿಸಿ ವಾಸನೆ ತಾಗುತ್ತದೆ, ಮಾವುತರ ಮಾತು ಕಿವಿಗೆ ಬೀಳುತ್ತದೆ. ತಿರುಗಬೇಕೆನಿಸುತ್ತದೆ. ತಿರುಗುವುದಿಲ್ಲ. ಕಾರಣ ಮೆಮೊ ಅಲ್ಲ. ಈ ಹೊತ್ತಿನಲ್ಲಿ ಕಣ್ಣು ಆಚೆ ಹೊರಳಿಸಿದರೆ ಮೂರನೇ ಸಾಲಿನಲ್ಲಿ ಯಾರು ಸುಮ್ಮನಾದರು ಎಂದು ಗೊತ್ತಾಗುವುದಿಲ್ಲ. ಬೆಳಗಿನ ಅಜ್ಜಿ ಮಾತ್ರ ಬ್ಯಾರಿಕೇಡ್ ಹಿಡಿದು ಕಣ್ಣೊರೆಸಿಕೊಳ್ಳುತ್ತಾ ನಿಮಗೇ ಹೇಳುತ್ತಾರೆ, "ಹಿಂದ್ಕೆ ನೋಡ್ಲಾ ಮಗಾ, ತಾಯಿ ಬಂದವ್ಳೆ!"

ಅಂಬಾರಿ ದಾಟಿದ್ದೇ ತಡ, ಜನ ಬ್ಯಾರಿಕೇಡ್ ಕೆಳಗೆ ನುಸುಳಿ ರಸ್ತೆಗಿಳಿಯುತ್ತಾರೆ. ಆನೆಯ ಲದ್ದಿಗಾಗಿ. ಬಿಸಿ ಲದ್ದಿ ತುಳಿದರೆ ಹಿಮ್ಮಡಿ ಒಡಕು ಹೋಗುತ್ತದೆ, ಕಾಲಿಗೆ ಒಳ್ಳೆಯದು ಎಂಬ ನಂಬಿಕೆ. ಮಕ್ಕಳ ಕಾಲನ್ನು ಹಿಡಿದು ಅದ್ದುವವರೂ ಇದ್ದಾರೆ. ಹೆಚ್‌ಸಿ ಸಾರ್ ನಿಮ್ಮ ಕಡೆ ತಿರುಗಿ ಗಂಭೀರವಾಗಿ ಹೇಳುತ್ತಾರೆ: "ಬೂಟು ಬಿಚ್ಚಪ್ಪ. ಈ ರಸ್ತೇಲಿ ಇವತ್ತು ಅದು ಬೇಕಾಗಿರೋದು ನಮಗೇ."

ಮುಗಿಯಿತು ಎಂದುಕೊಂಡರೆ ಇಲ್ಲ. ನಿಮ್ಮ ತಂಡಕ್ಕೆ ಎರಡನೇ ಪಾಯಿಂಟ್ ಬನ್ನಿಮಂಟಪದ ಪಂಜಿನ ಕವಾಯತು. ಬಂಬೂಬಜಾರ್ ಹತ್ತಿರ ನಿಂತ ವ್ಯಾನಿನ ಹಿಂದೆ ಊಟದ ಪೊಟ್ಟಣ: ಮಧ್ಯಾಹ್ನ ಕಟ್ಟಿದ ಪುಳಿಯೋಗರೆ, ಗಟ್ಟಿಯಾಗಿದೆ. ನಿಂತೇ ತಿನ್ನುತ್ತೀರಿ, ಏಕೆಂದರೆ ಈಗ ಕೂತರೆ ಏಳುವುದು ಕಷ್ಟ. ಪಂಜು, ಕುದುರೆ, ಮೋಟಾರ್ ಸೈಕಲ್ ಸಾಹಸ, ಸಿಡಿಮದ್ದು, ಎಲ್ಲವೂ ಮೈದಾನದ ಒಳಗೆ. ನೀವು ಹೊರಗೇಟಿನಲ್ಲಿ, ಮತ್ತೆ ಮುಖ ಜನಕ್ಕೆ. ಕೊನೆಯ ಬಸ್ಸು ಯಾವುದು, ನನ್ನ ಗಂಡ ಕಾಣ್ತಿಲ್ಲ, ಮೊಬೈಲ್ ಹೋಯ್ತು, ಚಪ್ಪಲಿ ಹೋಯ್ತು. ಕಳೆದುಹೋದ ಒಬ್ಬ ಹುಡುಗ ತನ್ನ ಊರಿನ ಹೆಸರು ಹೇಳುತ್ತಾನೆ, ಅಪ್ಪನ ಹೆಸರು "ಅಪ್ಪ" ಎನ್ನುತ್ತಾನೆ. ಅವನ ಅಪ್ಪ ಸಿಗುವ ಹೊತ್ತಿಗೆ ಹತ್ತೂವರೆ.

ಕಲ್ಯಾಣಮಂಟಪದಲ್ಲಿ ಬೂಟು ಕಾಲಿನಿಂದ ಸಲೀಸಾಗಿ ಬರುವುದಿಲ್ಲ. ಬೆಳಿಗ್ಗೆ ಬಿಟ್ಟುಕೊಂಡ ಜಾಗವೆಲ್ಲ ತುಂಬಿದೆ. ಸಾಕ್ಸ್‌ನ ರಬ್ಬರ್ ಕೂತ ಕಡೆ ಚರ್ಮದಲ್ಲಿ ಬಳೆಯಷ್ಟು ಆಳದ ಗುರುತು. ಹೆಬ್ಬೆರಳಿನಿಂದ ಕಣಕಾಲು ಒತ್ತಿದರೆ ಬಿದ್ದ ಗುಳಿ ಮೆಲ್ಲಗೆ ಮೇಲೇಳುತ್ತದೆ. ಗೋಡೆಯುದ್ದಕ್ಕೂ ಗಂಡಸರು ಅಂಗಾತ ಮಲಗಿ ಕಾಲುಗಳನ್ನು ಗೋಡೆಗೆ ಎತ್ತಿಟ್ಟಿದ್ದಾರೆ. ಯಾರೋ ಅಮೃತಾಂಜನ ಹಚ್ಚುತ್ತಿದ್ದಾರೆ. ಯಾರೋ ಮಗಳಿಗೆ ವಿಡಿಯೋ ಕಾಲ್‌ನಲ್ಲಿ, ಹೌದು ಪುಟ್ಟಾ, ಅಂಬಾರಿ ತುಂಬಾ ಚೆನ್ನಾಗಿತ್ತು, ಹತ್ತಿರದಿಂದಲೇ ನೋಡಿದೆ ಎನ್ನುತ್ತಿದ್ದಾರೆ.

ಇದೇನು ವರ್ಷಕ್ಕೊಂದು ದಿನದ ಕಥೆಯಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ಸೇರಿ 2019ರಲ್ಲಿ ದೇಶದ ಪೊಲೀಸರನ್ನೇ ಕೇಳಿ ಬರೆದ ವರದಿಯ ಪ್ರಕಾರ ಅವರ ಕೆಲಸ ದಿನಕ್ಕೆ ಸರಾಸರಿ 14 ಗಂಟೆ. ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿರುವವನು ಎಂದು 1861ರ ಪೊಲೀಸ್ ಕಾಯ್ದೆಯ 22ನೇ ಕಲಮು ಹೇಳುತ್ತದೆ. ಬ್ರಿಟಿಷರು ಹೋದರು, ಆ ಕಲಮಿನ ಗಾಳಿ ಹೋಗಲಿಲ್ಲ. ನಮ್ಮ ರಾಜ್ಯದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಪೊಲೀಸರು ಹೊರಟಿದ್ದು, ಸರ್ಕಾರ ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ ಹಾಕುತ್ತೇವೆ ಎಂದು ಗದರಿದ್ದು ಹೆಚ್‌ಸಿ ಸಾರ್‌ಗೆ ನಿನ್ನೆ ಮೊನ್ನೆಯಂತೆ ನೆನಪಿದೆ. ಆಮೇಲೆ ಪೊಲೀಸರ ಸಂಬಳ ಪರಿಶೀಲಿಸಲು ಔರಾದ್ಕರ್ ಸಮಿತಿ ಬಂತು, 2019ರಲ್ಲಿ ಸಂಬಳ ಒಂದಿಷ್ಟು ಏರಿತು. ಅವರು ಅದನ್ನು ಅಲ್ಲಗಳೆಯುವುದಿಲ್ಲ. "ದುಡ್ಡು ಕೊಟ್ರು. ಕಾಲು?" ಎಂದು ಮಗ್ಗುಲಾಗುತ್ತಾರೆ. ನಾಳೆ ಮಧ್ಯಾಹ್ನ ನೀವಿಬ್ಬರೂ ನಿಮ್ಮ ಠಾಣೆಯಲ್ಲಿ ಹಾಜರಿರಬೇಕು. ನಿಮಗೆ ಸೆಂಟ್ರಿ ಬಿದ್ದಿದೆ ಎಂದು ಸ್ಟೇಷನ್ ರೈಟರ್ ಆಗಲೇ ವಾಟ್ಸ್‌ಆ್ಯಪ್ ಹಾಕಿದ್ದಾರೆ.

ಮುಂದಿನ ವರ್ಷದ ಬಂದೋಬಸ್ತ್ ಸ್ಕೀಮ್ ಬರೆಯುವ ಅಧಿಕಾರಿಗಳಿಗೆ ಇಷ್ಟು ಕೇಳಬೇಕಿದೆ. ಮೈಸೂರಿನದಿರಲಿ, ಬೇರೆ ಯಾವ ಜಾತ್ರೆಯದೇ ಇರಲಿ. ಪ್ರತಿ ಐದಾರು ಪಾಯಿಂಟ್‌ಗೆ ಒಬ್ಬರನ್ನು ಬದಲಿಗೆಂದೇ ಇಡಿ. ಅವರು ಸುತ್ತುತ್ತಾ ಬಂದು ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಬಿಡಿಸಲಿ. ಮಹಿಳಾ ಸಿಬ್ಬಂದಿಯ ಹೆಸರಿನ ಮುಂದೆ ಪಾಯಿಂಟ್ ಬರೆಯುವಾಗ ಅದೇ ಸಾಲಿನಲ್ಲಿ ಅವರಿಗೆ ಹತ್ತಿರದ ಶೌಚಾಲಯ ಯಾವುದು, ಬೀಗದ ಕೈ ಯಾರ ಹತ್ತಿರ ಎಂದೂ ಬರೆಯಿರಿ. ಮೆರವಣಿಗೆ ಹೊರಡುವ ತನಕದ ಆರು ತಾಸಿಗೆ ಪ್ರತಿ ಪಾಯಿಂಟ್‌ನಲ್ಲೂ ಒಂದು ಪ್ಲಾಸ್ಟಿಕ್ ಸ್ಟೂಲ್ ಇರಲಿ, ಕೂತ ಪೊಲೀಸನನ್ನು ಕಂಡು ಯಾರೂ ಮೆಮೊ ಕೊಡದಿರಲಿ. ಇವತ್ತು ಸಯ್ಯಾಜಿರಾವ್ ರಸ್ತೆಯ ಮೇಲೆ ಬಾಡಿಗೆಗೆ ಇಂಥ ಸ್ಟೂಲುಗಳು ಬೇಕಾದಷ್ಟಿದ್ದವು. ಮೆರವಣಿಗೆ ನೋಡಲು ಬಂದವರು ಅದರ ಮೇಲೆ ಹತ್ತಿ ನಿಂತಿದ್ದರು.